ಚಂಕಮ: ಹೋಗಿ ತಿರುಗುವ ನಡಿಗೆ

*ಇಂದಿನ ಚಿಂತನೆ*

ಜಾವಗಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ಬಾವಿಯಿಂದ ತೆಂಗಿನ ಮರಕ್ಕೆ 20 ಹೆಜ್ಜೆ. ದಿನಾ ಬೆಳಗಿನ ಜಾವ ಅಲ್ಲಿ ನಡೆಯುತ್ತೇನೆ. ಮೊನ್ನೆ ನಮ್ಮ ಮನೆಯವರು ನೋಡಿ, "ಯಾಕ್ರೀ ಹೀಗೆ ಶತಪಥ ಹಾಕ್ತಿದ್ದೀರಿ?" ಅಂದರು. "ಧ್ಯಾನ" ಅಂದೆ. ನಿಜಕ್ಕೂ ಅವರ ಮಾತೇ ಸರಿಯಿತ್ತು. ಜಮೀನಿನ ಪಾಲಿನ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಕಾಲು ಹಿತ್ತಲಲ್ಲಿ, ಮನಸ್ಸು ಅವನ ಜೊತೆ ಜಗಳದಲ್ಲಿ.

ಈ ನಡಿಗೆಗೆ ಪಾಳಿಯಲ್ಲಿ *ಚಂಕಮ* ಎಂದು ಹೆಸರು. ಸಂಸ್ಕೃತದಲ್ಲಿ ಚಂಕ್ರಮ, ಚಂಕ್ರಮಣ. 'ಕ್ರಮ್' ಎಂದರೆ ಹೆಜ್ಜೆ ಇಡು. ಆ ಧಾತು ಇಮ್ಮಡಿಯಾಗಿ ಈ ಪದವಾಗಿದೆ. ಇಂಥ ರೂಪ ಸಾಮಾನ್ಯವಾಗಿ ಮತ್ತೆ ಮತ್ತೆ ಮಾಡುವುದನ್ನು ಹೇಳುತ್ತದೆ. ಆದರೆ ಚಲನೆಯ ಧಾತುಗಳಲ್ಲಿ ಅದಕ್ಕೆ ಪಾಣಿನಿ ಹೇಳುವ ಅರ್ಥ ಬೇರೆ: ನೇರವಲ್ಲದ, ತಿರುವುಳ್ಳ ನಡೆ. ನಮಗೆಲ್ಲ ಗೊತ್ತಿರುವ 'ಜಂಗಮ' ಪದವೂ ಇದೇ ಅಚ್ಚಿನದು, 'ಗಮ್' ಧಾತುವಿನಿಂದ ಬಂದದ್ದು.

ನಮ್ಮೂರಿನ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಪ್ರದಕ್ಷಿಣೆ ಹಾಕುವಾಗ ನಡುವೆ ದೇವರಿದ್ದಾನೆ. ಚಂಕಮದಲ್ಲಿ ನಡುವೆ ಏನೂ ಇಲ್ಲ. ಇರುವುದು ಎರಡು ತುದಿ, ತುದಿಯಲ್ಲಿ ಒಂದು ತಿರುವು.

ಅಂಗುತ್ತರ ನಿಕಾಯದಲ್ಲಿ ಬುದ್ಧರು ಚಂಕಮದ 5 ಪ್ರಯೋಜನ ಹೇಳುತ್ತಾರೆ: ದೂರ ನಡೆಯುವ ಶಕ್ತಿ, ಸಾಧನೆಯ ಶಕ್ತಿ, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ಮತ್ತು ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಹಾಗೆಂದು ಹಠವೂ ಸಲ್ಲದು. ಸುಕುಮಾರನಾಗಿ ಬೆಳೆದಿದ್ದ ಸೋಣ ಎಂಬ ಭಿಕ್ಷು ಅಂಗಾಲು ಒಡೆದು ರಕ್ತ ಸುರಿಯುವವರೆಗೆ ನಡೆದ. ವೀಣೆಯ ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ಸ್ವರ ಹೊರಡದು ಎಂಬುದನ್ನು ಬುದ್ಧರು ಅವನಿಗೇ ನೆನಪಿಸಿದರು.

ಹೊರಗಿನಿಂದ ನೋಡಿದರೆ ಶತಪಥವೂ ಚಂಕಮವೂ ಒಂದೇ. ವ್ಯತ್ಯಾಸ ಇರುವುದು ತಿರುವಿನಲ್ಲಿ. ಶತಪಥ ಹಾಕುವವನಿಗೆ ತಿರುಗಿದ್ದೇ ತಿಳಿಯುವುದಿಲ್ಲ.

*ಇಂದಿನ ಅಭ್ಯಾಸ:* ತುದಿ ಮುಟ್ಟಿದಾಗ ನಿಲ್ಲಿ. ಒಂದು ಉಸಿರು. ಮನಸ್ಸು ಎಲ್ಲಿತ್ತು ಎಂದು ನೋಡಿ. ಬೈಯಬೇಡಿ. ಆಮೇಲೆ ತಿರುಗಿ.

ನಿನ್ನೆ 30 ಸಲ ತಿರುಗಿದೆ. 20ಕ್ಕೂ ಹೆಚ್ಚು ಸಲ ಮನಸ್ಸು ತಮ್ಮನ ಮನೆಯ ಜಗಲಿಯಲ್ಲೇ ಕೂತಿತ್ತು. ಅವನಿಗೆ ಇನ್ನೂ ಫೋನ್ ಮಾಡಿಲ್ಲ. ಆದರೆ ಅವನಿಗೆಂದು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಈಗ ಪ್ರತಿ 20 ಹೆಜ್ಜೆಗೊಮ್ಮೆ ತುಂಡಾಗುತ್ತಿದೆ.

ಎಲ್ಲರಿಗೂ ಒಳಿತಾಗಲಿ. 🪷