ಅಜ್ಜಿಯ ಹಾಡು, ಮೊಳದ ಅಳತೆ

ಮಕ್ಕಳೇ, ನಿಮ್ಮ ಮನೆಯಲ್ಲಿ ಬೀಸುವ ಕಲ್ಲು ಇದೆಯೇ? ಇದ್ದರೂ ಈಗ ಅದು ಮೂಲೆಯಲ್ಲಿ ಸುಮ್ಮನೆ ಕುಳಿತಿರಬಹುದು. ಊರಿಗೆ ಹಿಟ್ಟಿನ ಗಿರಣಿ ಬಂದಿತು. ಹೆಂಗಸರ ತೋಳುಗಳಿಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಆದರೆ ಬೀಸುವಾಗ ಹೇಳುತ್ತಿದ್ದ ಹಾಡುಗಳೂ ಕಲ್ಲಿನೊಡನೆ ಸುಮ್ಮನಾದವು. ಈಗ ಅವು ಅಜ್ಜಿಯರ ನೆನಪಿನಲ್ಲಿ ಮಾತ್ರ ಉಳಿದಿವೆ.

ಪುಣೆಯ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಎಂಬವರು ಸಂಗಡಿಗರೊಡನೆ ಮಹಾರಾಷ್ಟ್ರದ ಹಳ್ಳಿ ಹಳ್ಳಿ ತಿರುಗಿದರು. ಬೀಸುವಾಗ ಹೇಳುವ ಮರಾಠಿ ಓವಿಗಳನ್ನು 1,00,000ಕ್ಕೂ ಹೆಚ್ಚು ಸಂಗ್ರಹಿಸಿದರು. ನಿಮ್ಮ ಅಜ್ಜಿಗೆ ಬರುವ ಕನ್ನಡ ಹಾಡುಗಳನ್ನು ಯಾರು ಸಂಗ್ರಹಿಸಬೇಕು? ನೀವೇ ಸಂಗ್ರಹಿಸಬಹುದು.

ಹಾಡನ್ನು ವಹಿಯಲ್ಲಿ ಬರೆದರೆ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಅಜ್ಜಿ ಯಾವ ಅಕ್ಷರವನ್ನು ಎಳೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಧ್ವನಿಯಲ್ಲಿ ಮಾತ್ರ ಸಿಗುತ್ತದೆ. ಅದಕ್ಕೆ ಮನೆಯ ಮೊಬೈಲ್ ಸಾಕು. ಅದರ ಕೆಳ ಅಂಚನ್ನು ನೋಡಿರಿ. ಅಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರ ಒಳಗೆ ಮೈಕ್ ಇದೆ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ಒಂದು ಜೋಳದ ಕಾಳಿನಷ್ಟು! ಆ ತೂತನ್ನು ಬೆರಳಿನಿಂದ ಮುಚ್ಚಬೇಡಿರಿ.

ಈಗ ಒಂದು ಪ್ರಯೋಗ ಮಾಡಿರಿ. ಗೆಳೆಯನಿಗೆ ಒಂದೇ ಹಾಡನ್ನು ಮೂರು ಸಲ ಹಾಡಲು ಹೇಳಿರಿ. ಮೊದಲ ಸಲ ಮೊಬೈಲು ಅವನ ಬಾಯಿಯಿಂದ ಒಂದು ಗೇಣು ದೂರ ಇರಲಿ. ಎರಡನೆಯ ಸಲ ಒಂದು ಮೊಳ. ಮೂರನೆಯ ಸಲ ಒಂದು ಮಾರು. ಮೂರನ್ನೂ ಕೇಳಿರಿ. ಗೇಣಿನಲ್ಲಿ ಹಾಡಿನೊಡನೆ ಉಸಿರಿನ ಸದ್ದೂ ಬಂದಿರುತ್ತದೆ. ಮಾರಿನಲ್ಲಿ ಹಾಡು ಸಣ್ಣದಾಗಿ, ಫ್ಯಾನು, ಕೋಳಿ, ಬೀದಿಯ ಗಾಡಿ ಎಲ್ಲವೂ ಸೇರಿರುತ್ತವೆ. ಮೊಳದ ಅಳತೆಯೇ ಚೆನ್ನಾಗಿ ಕೇಳಿಸೀತು.

ಹೀಗೇಕೆ? ಧ್ವನಿ ದೂರ ಹೋದಂತೆ ಹರಡಿ ಹಗುರವಾಗುತ್ತದೆ. ದೂರ ಎರಡು ಪಟ್ಟಾದರೆ, ಬಾಯಿಯಿಂದ ನೇರವಾಗಿ ಬರುವ ಧ್ವನಿಯ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ನಾವು ಸಂತೆಯ ಗದ್ದಲದಲ್ಲಿಯೂ ಅವ್ವನ ಕರೆಯನ್ನು ಗುರುತಿಸುತ್ತೇವೆ. ಮೈಕಿಗೆ ಆ ಜಾಣತನ ಇಲ್ಲ. ಅದರ ಮುಂದೆ ಅಜ್ಜಿಯೂ ಒಂದೇ, ಕುಕ್ಕರಿನ ಸೀಟಿಯೂ ಒಂದೇ.

ಇನ್ನೊಂದು ತಮಾಷೆ ನೋಡಿರಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಮ' ಎನ್ನಿರಿ. ಈಗ 'ಪ' ಎನ್ನಿರಿ, 'ಫ' ಎನ್ನಿರಿ. ಅಂಗೈಗೆ ಗಾಳಿ ಬಡಿಯಿತಲ್ಲವೇ? ಆ ಗಾಳಿ ನೇರವಾಗಿ ಮೈಕಿಗೆ ಬಡಿದರೆ 'ಡಬ್' ಎಂಬ ಸದ್ದು ಬರುತ್ತದೆ. ಆದ್ದರಿಂದ ಮೈಕನ್ನು ಬಾಯಿಯ ಎದುರಿಗೆ ಇಡದೆ, ತುಸು ಪಕ್ಕಕ್ಕೆ ಇಟ್ಟು ಬಾಯಿಯ ಕಡೆಗೆ ತಿರುಗಿಸಬೇಕು.

ಅಜ್ಜಿ ಕಲ್ಲು ತಿರುಗಿಸುತ್ತಲೇ ಹಾಡುವುದಾದರೆ ಮೊಬೈಲನ್ನು ನೆಲದ ಮೇಲೆ ಇಡಬೇಡಿರಿ. ಕಲ್ಲಿನ ನಡುಕ ನೆಲದ ಮೂಲಕವೂ ಹರಿದು ಬರುತ್ತದೆ. ಒಂದು ಡಬ್ಬಿಯ ಮೇಲೆ ಕೌದಿಯನ್ನು ಮಡಚಿ ಹಾಸಿ, ಅದರ ಮೇಲೆ ಇಡಿರಿ. ಕಲ್ಲಿನ ಸದ್ದು ಪೂರ್ತಿ ಹೋಗಬೇಕೆಂದಿಲ್ಲ. ಅದು ಆ ಹಾಡಿನ ತಾಳವಲ್ಲವೇ? ಬರಿಗೋಡೆಯ ಕೋಣೆಯಲ್ಲಿ ಧ್ವನಿ ಗುಂಯ್‌ಗುಡುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು.

ಅಜ್ಜ ಹಾರ್ಮೋನಿಯಂ ನುಡಿಸುತ್ತಾರೆಯೇ? ಅದರ ಧ್ವನಿ ದೊಡ್ಡದು. ಒಂದೇ ಮೈಕ್ ಇದ್ದಾಗ ಹಾಡುವವರು ಹತ್ತಿರ, ವಾದ್ಯ ದೂರ ಇರಬೇಕು. ಇದು ಹಳೆಯ ಉಪಾಯ. 1902ರಲ್ಲಿ ಕೊಲ್ಕತ್ತಾದಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಗ್ರಾಮೊಫೋನ್ ತಟ್ಟೆಗೆ ಇಳಿಸಿದರು. ಆಗ ಮೈಕ್ ಬಳಸುತ್ತಿರಲಿಲ್ಲ. ದೊಡ್ಡ ಕಹಳೆಯಂತಹ ಕೊಳವೆಯ ಬಾಯಿಗೆ ಹಾಡಬೇಕಾಗಿತ್ತು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ನೀವೂ ಹಾಗೆಯೇ ಅಜ್ಜಿಯ ಹೆಸರು, ಊರು, ದಿನಾಂಕ ಹೇಳಿಸಿರಿ. ಹಾಡು ಯಾರಿಂದ ಕಲಿತರೆಂದೂ ಕೇಳಿರಿ.

ಭಜನೆಯ ಮೈಕ್ ಸಿಕ್ಕರೆ ಇನ್ನೂ ಒಳ್ಳೆಯದೇ? ಸಾಮಾನ್ಯವಾಗಿ ಅದು ಡೈನಮಿಕ್ ಮೈಕ್. ಅದರಲ್ಲಿ ತೆಳುವಾದ ಪೊರೆ, ತಂತಿಯ ಸುರುಳಿ, ಅಯಸ್ಕಾಂತ ಇರುತ್ತವೆ. ಧ್ವನಿಗೆ ಪೊರೆ ಅಲುಗುತ್ತದೆ, ಸುರುಳಿಯೂ ಅಲುಗಿ ವಿದ್ಯುತ್ತು ಹುಟ್ಟುತ್ತದೆ. ಧ್ವನಿಮುದ್ರಣದ ಕೋಣೆಗಳಲ್ಲಿ ಹೆಚ್ಚಾಗಿ ಕಂಡೆನ್ಸರ್ ಮೈಕ್ ಬಳಸುತ್ತಾರೆ. ಅದು ಬಲು ಸೂಕ್ಷ್ಮ. ಗದ್ದಲದ ಮನೆಯಲ್ಲಿ ಬೇಡದ ಸದ್ದನ್ನೂ ಅಷ್ಟೇ ಸೂಕ್ಷ್ಮವಾಗಿ ಹಿಡಿಯುತ್ತದೆ! ಬೆಲೆಯ ಮೈಕನ್ನು ಮಾರು ದೂರ ಇಡುವುದಕ್ಕಿಂತ ಮೊಬೈಲನ್ನು ಮೊಳ ದೂರ ಇಡುವುದೇ ಲೇಸು.

ಮೊದಲು ಅಜ್ಜಿಯ ಒಪ್ಪಿಗೆ ಕೇಳಿರಿ. ಮೊಬೈಲಿಗೆ ಕರೆ ಬಾರದಂತೆ ಮಾಡಿರಿ. ಮೊದಲ ಸಾಲನ್ನು ಹಿಡಿದು ಕೇಳಿ ನೋಡಿದ ಮೇಲೆ ಪೂರ್ತಿ ಹಾಡಿಸಿರಿ. ನಡುವೆ ಅಜ್ಜಿ ಮರೆತು ನಿಂತರೆ ಯಂತ್ರ ನಿಲ್ಲಿಸಬೇಡಿರಿ. ಕಾಯಿರಿ. ಮುಂದಿನ ಸಾಲು ನೆನಪಾಗಬಹುದು.

ಸ್ವಾಧ್ಯಾಯ

1. ಮೊಬೈಲನ್ನು ಕೌದಿಯ ಮೇಲೆ ಇಡಬೇಕು ಏಕೆ?
2. 'ಪ', 'ಮ', 'ಕ', 'ಭ' ಇವುಗಳಲ್ಲಿ ಯಾವುದನ್ನು ಹೇಳುವಾಗ ಅಂಗೈಗೆ ಗಾಳಿ ಬಡಿಯುತ್ತದೆ? ಮಾಡಿ ನೋಡಿ ಬರೆಯಿರಿ.
3. ಗೇಣು, ಮೊಳ, ಮಾರು ಇವನ್ನು ಅಳತೆಪಟ್ಟಿಯಿಂದ ಅಳೆದು ಸೆಂಟಿಮೀಟರಿನಲ್ಲಿ ಬರೆಯಿರಿ.

ಉಪಕ್ರಮ: ನಿಮ್ಮ ಓಣಿಯ ಹಿರಿಯರೊಬ್ಬರ ಒಂದು ಹಾಡನ್ನು ಮುದ್ರಿಸಿಕೊಂಡು ವರ್ಗದಲ್ಲಿ ಕೇಳಿಸಿರಿ.