ಅಂಗಿ ತೊಟ್ಟ ಕುಸ್ತಿ, ಅಂಗಿಯಿಲ್ಲದ ಕುಸ್ತಿ: ದೇಹಕ್ಕೆ ಯಾವುದು ಹಿತ?

ಮಲ್ಲವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರ ವರ್ಗಗಳು, ಅವರ ಆಹಾರ, ವ್ಯಾಯಾಮಗಳ ವಿವರ ಅಲ್ಲಿ ದೊರೆಯುತ್ತದೆ. ಹಳೆಯ ಮೈಸೂರು ಸೀಮೆಯ ಗರಡಿಮನೆಗಳೂ ದಸರೆಯ ಕುಸ್ತಿಯೂ ಆ ಪರಂಪರೆಯ ಮುಂದುವರಿಕೆಯೇ ಆಗಿವೆ. ಈಗ ಓದಿಗೆ, ಉದ್ಯೋಗಕ್ಕೆ ಬೆಂಗಳೂರಿಗೆ ಹೋಗುವ ನಮ್ಮ ಮಕ್ಕಳ ಮುಂದೆ ಇನ್ನೊಂದು ಬಗೆಯ ಕುಸ್ತಿಯೂ ಬಂದಿದೆ. ಅದರ ಹೆಸರು ಬ್ರೆಜಿಲಿಯನ್ ಜಿಯು-ಜಿಟ್ಸು. ಇದನ್ನು ದಪ್ಪ ಅಂಗಿ ತೊಟ್ಟೂ ಕಲಿಯಬಹುದು, ಅಂಗಿಯಿಲ್ಲದೆಯೂ ಕಲಿಯಬಹುದು. ಯಾವುದು ಹಿತ ಎಂಬ ಪ್ರಶ್ನೆ ಕೇವಲ ಉಡುಪಿನದಲ್ಲ, ಆರೋಗ್ಯದ್ದೂ ಹೌದು. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನು ವಿಚಾರ ಮಾಡೋಣ.

ಎರಡು ಕ್ರಮಗಳು ಹುಟ್ಟಿದ ಬಗೆ

ಜಪಾನಿನ ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೊದಲ್ಲಿ ಜೂಡೊ ವಿದ್ಯೆಯನ್ನು ಆರಂಭಿಸಿದರು. ಅದರಲ್ಲಿ ಪಳಗಿದ ಮಿತ್ಸುಯೊ ಮಾಯೆಡಾ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಹೋದರು. ಅಲ್ಲಿ ಗ್ರೇಸಿ ಮನೆತನದವರು ಆ ವಿದ್ಯೆಯನ್ನು ಕಲಿತು, ನೆಲದ ಮೇಲಿನ ಹೋರಾಟಕ್ಕೆ ಒತ್ತು ಕೊಟ್ಟು ಬೆಳೆಸಿದರು. ನಮ್ಮ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಜಿಯು-ಜಿಟ್ಸುವಿನಲ್ಲಿ ಕೀಲನ್ನು ಬಾಗಿಸಿ ಅಥವಾ ಕೊರಳನ್ನು ಒತ್ತಿ ಎದುರಾಳಿ ತಾನಾಗಿ ಸೋಲೊಪ್ಪುವಂತೆ ಮಾಡುವುದೇ ಮುಖ್ಯ ಗುರಿ. ಸೋಲೊಪ್ಪುವವನು ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟುತ್ತಾನೆ. ತಟ್ಟಿದೊಡನೆ ಹಿಡಿತ ಬಿಡಬೇಕು.

ಸಾಂಪ್ರದಾಯಿಕ ಉಡುಪಿಗೆ ‘ಗೀ’ ಎಂದು ಹೆಸರು. ಅದು ದಪ್ಪ ಹತ್ತಿಯ ಅಂಗಿ, ಷರಾಯಿ ಮತ್ತು ನಡುಪಟ್ಟಿಗಳ ಜೋಡಣೆ. ಕಾಲರು, ತೋಳು, ಷರಾಯಿಯ ಅಂಚುಗಳನ್ನು ಹಿಡಿದು ಎಳೆಯಬಹುದು. ‘ನೋ-ಗೀ’ ಕ್ರಮದಲ್ಲಿ ಮೈಗಂಟಿದ ತೆಳು ಅಂಗಿಯೂ ಚಡ್ಡಿಯೂ ಇರುತ್ತವೆ. ಬಟ್ಟೆಯನ್ನು ಹಿಡಿಯುವಂತಿಲ್ಲ, ಮಣಿಕಟ್ಟು, ಕತ್ತು, ತೊಡೆ, ನಡುಗಳನ್ನೇ ಹಿಡಿಯಬೇಕು. ನಮ್ಮ ಗರಡಿಯ ಪೈಲ್ವಾನರು ಕಾಚ ಬಿಗಿದು ಆಡುವ ಕುಸ್ತಿಯೂ ಮೈಯನ್ನೇ ಹಿಡಿಯುವ ಕ್ರಮಕ್ಕೆ ಸೇರಿದ್ದು.

ಅಂಗಿ ಹಿಡಿಯುವ ಕುಸ್ತಿಯಲ್ಲೂ ಕನ್ನಡ ನಾಡಿನವರು ಹೆಸರು ಮಾಡಿದ್ದಾರೆ. ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ ಅವರು ಜೂಡೊದಲ್ಲಿ ಪಳಗಿ, 2018ರ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯ 52 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಕುರಾಶ್ ಎಂಬುದು ಮಧ್ಯ ಏಷ್ಯಾದ, ಅಂಗಿ ಮತ್ತು ನಡುಪಟ್ಟಿ ತೊಟ್ಟು ಆಡುವ ಕುಸ್ತಿ. ಒಂದು ಕ್ರಮದಲ್ಲಿ ಬಲಿತ ದೇಹ ಇನ್ನೊಂದಕ್ಕೂ ಒಗ್ಗಬಲ್ಲದು ಎಂಬುದಕ್ಕೆ ಕೆ. ಡಿ. ಜಾಧವ ಅವರೂ ಸಾಕ್ಷಿ. ಮಣ್ಣಿನ ಅಖಾಡದಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಮೇಲೆ ಆಡಿ ಆರನೆಯ ಸ್ಥಾನ ಪಡೆದರು. 1952ರ ಹೆಲ್ಸಿಂಕಿಯಲ್ಲಿ ಕಂಚನ್ನೇ ತಂದರು.

ಹೊರೆ ಎಲ್ಲಿ ಬೀಳುತ್ತದೆ?

ಉಡುಪು ಬದಲಾದರೆ ದೇಹದ ಮೇಲಿನ ಹೊರೆ ಬೀಳುವ ಜಾಗವೂ ಬದಲಾಗುತ್ತದೆ. ಇದೇ ಈ ವಿಚಾರದ ತಿರುಳು.

ಗೀ ತೊಟ್ಟಾಗ ಮೊದಲು ದಣಿಯುವುದು ಬೆರಳುಗಳು. ಎದುರಾಳಿ ಜಗ್ಗುತ್ತಿರುವ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರೆ ಬೆರಳಿನ ಗೆಣ್ಣುಗಳು ಬಾಯುತ್ತವೆ. ವರ್ಷಗಟ್ಟಲೆ ಹೀಗಾದರೆ ಪೆಡಸಾಗುತ್ತವೆ. ಬೇಸಾಯ, ನೇಯ್ಗೆ, ಹೊಲಿಗೆ, ಬರವಣಿಗೆಗಳಂಥ ಕೈಗೆಲಸವೇ ಕಾಯಕವಾದವರು ಇದನ್ನು ಗಮನದಲ್ಲಿಡಬೇಕು. ಹಿಡಿತ ಕೈ ಜಾರುವಂತಾದಾಗ ಹಟ ಹಿಡಿಯದೆ ಬಿಟ್ಟುಬಿಡುವುದನ್ನು ಆರಂಭದಲ್ಲೇ ಕಲಿಯಬೇಕು. ಗೀಯಿಂದ ಲಾಭವೂ ಇದೆ. ಬಟ್ಟೆಯ ಘರ್ಷಣೆಯಿಂದ ಚಲನೆ ನಿಧಾನವಾಗುತ್ತದೆ. ಹೊಸಬನಿಗೆ ಯೋಚಿಸಲು ಸಮಯ ಸಿಗುತ್ತದೆ. ಒರಟು ಮ್ಯಾಟಿಗೆ ಮೈ ಉಜ್ಜುವುದೂ ಕಡಿಮೆ.

ಅಂಗಿಯಿಲ್ಲದಾಗ ಬೆರಳಿಗೆ ಬಿಡುವು. ಆದರೆ ಬೆವರಿನಿಂದ ಮೈ ಜಾರುವುದರಿಂದ ಆಟದ ವೇಗ ಏರುತ್ತದೆ. ಈ ಕ್ರಮದಲ್ಲಿ ಕಾಲಿನ ಪಟ್ಟುಗಳ ಬಳಕೆಯೂ ಹೆಚ್ಚು. ಹಿಮ್ಮಡಿಯನ್ನು ತಿರುಚುವ ಪಟ್ಟು ಅವುಗಳಲ್ಲಿ ಅತ್ಯಂತ ಅಪಾಯಕಾರಿ. ತಿರುಚುವುದು ಹಿಮ್ಮಡಿಯನ್ನಾದರೂ ಮುರಿಯುವುದು ಮಂಡಿ. ನೋವು ಅರಿವಿಗೆ ಬರುವಷ್ಟರಲ್ಲಿ ಮಂಡಿಯ ಅಸ್ಥಿರಜ್ಜು ಹರಿದಿರಬಹುದು. ಹೊಸಬರು ಈ ಪಟ್ಟನ್ನು ಹಾಕಲೂ ಬಾರದು, ಹಾಕಿಸಿಕೊಳ್ಳಲೂ ಬಾರದು.

ಚರ್ಮದ ರೋಗಗಳು

ಮೈಗೆ ಮೈ ತಾಗುವ ಯಾವ ಕುಸ್ತಿಯಲ್ಲೂ ಹುಳುಕಡ್ಡಿ, ಕೀವುಗುಳ್ಳೆ, ಕುರುಗಳು ಹರಡುತ್ತವೆ. ಅಂಗಿಯಿಲ್ಲದಾಗ ಚರ್ಮ ನೇರವಾಗಿ ತಾಗುತ್ತದೆ. ಅಂಗಿ ಇದ್ದಾಗ ಒಗೆಯದ ಒದ್ದೆ ಬಟ್ಟೆಯೇ ರೋಗದ ತವರಾಗುತ್ತದೆ. ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಬೇಕು. ಒಮ್ಮೆ ತೊಟ್ಟ ಉಡುಪನ್ನು ಒಗೆಯದೆ ಮತ್ತೆ ತೊಡಬಾರದು. ನಡುಪಟ್ಟಿಯನ್ನೂ ಒಗೆಯಬೇಕು. ಟವೆಲ್ಲು, ಕ್ಷೌರದ ಬ್ಲೇಡುಗಳನ್ನು ಹಂಚಿಕೊಳ್ಳಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಳುಕಡ್ಡಿ ಕಂಡೊಡನೆ ಔಷಧಿ ಅಂಗಡಿಯಲ್ಲಿ ಕೇಳಿ ಮುಲಾಮು ತಂದು ಹಚ್ಚುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಹಾಗೆ ಕೊಳ್ಳುವ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ಮೂರು ದಿನಗಳಲ್ಲಿ ತುರಿಕೆ ನಿಂತು ಗುಣವಾದಂತೆ ತೋರುತ್ತದೆ. ಆದರೆ ಶಿಲೀಂಧ್ರ ಸತ್ತಿರುವುದಿಲ್ಲ. ಅದು ಅಗಲವಾಗಿ ಹಬ್ಬಿ, ಮುಂದೆ ಸರಿಯಾದ ಔಷಧಿಗೂ ಬೇಗನೆ ಬಗ್ಗದಂತಾಗುತ್ತದೆ. ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳಬೇಕು. ವೈದ್ಯರು ಒಪ್ಪುವವರೆಗೆ ಅಖಾಡಕ್ಕೆ ಇಳಿಯದಿರುವುದು ಜೊತೆಯವರಿಗೆ ನಾವು ಸಲ್ಲಿಸಬೇಕಾದ ಋಣ.

ಪಾವಗಡದ ಬಿಸಿಲು, ಪಾವಗಡದ ನೀರು

ನಮ್ಮ ಸೀಮೆಯ ಬಿಸಿಲಿನ ಕಸುವು ಬೇರೆ ಹೇಳಬೇಕಾಗಿಲ್ಲ. 2,000 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಇಲ್ಲಿಗೇ ಬಂದಿದೆ. ದಪ್ಪ ಹತ್ತಿಯ ಅಂಗಿ ಬೆವರನ್ನು ಹೀರಿ ಭಾರವಾಗುತ್ತದೆ. ಬೆವರು ಆರಿ ಮೈ ತಣಿಯಲು ಬಿಡುವುದಿಲ್ಲ. ಬೇಸಗೆಯಲ್ಲಿ ಗೀ ತೊಟ್ಟು ಅಭ್ಯಾಸ ಮಾಡುವುದಾದರೆ ಗರಡಿಯವರಂತೆ ಬೆಳಗಿನ ಜಾವವನ್ನೇ ಆರಿಸಿಕೊಳ್ಳಬೇಕು. ತಲೆಸುತ್ತು, ವಾಂತಿ ಕಂಡರೆ ನಿಲ್ಲಿಸಬೇಕು. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಬಿಸಿಲಾಘಾತದ ಲಕ್ಷಣ. ಅಂಗಿ ತೆಗೆದು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ತೂಕದ ವಿಭಾಗಕ್ಕೆ ಇಳಿಯಲೆಂದು ನೀರು ಬಿಟ್ಟು ಬೆವರಿಳಿಸುವುದು ಪ್ರಾಣಕ್ಕೆ ಎರವಾದೀತು.

ಬೆವರು ಹರಿಸುವವನು ಹೆಚ್ಚು ನೀರು ಕುಡಿಯುತ್ತಾನೆ. ನಮ್ಮ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುದಿಸುವುದರಿಂದ ಅದು ಹೋಗುವುದಿಲ್ಲ. ಆದುದರಿಂದ ಶುದ್ಧೀಕರಣ ಘಟಕದ ನೀರನ್ನೇ ಕುಡಿಯಬೇಕು. ಫ್ಲೋರೈಡ್ ಮೂಳೆಗಳಲ್ಲಿ ಸೇರಿದರೆ ಬೆನ್ನುಹುರಿಯ ಮೂಳೆ, ಕೀಲುಗಳು ಬಿರುಸಾಗುತ್ತವೆ. ಮೊದಲೇ ಬೆನ್ನು ಬಾಗದ, ಕೀಲು ಹಿಡಿದುಕೊಂಡ ತೊಂದರೆ ಇರುವವರು ವೈದ್ಯರ ಪರೀಕ್ಷೆಯಿಲ್ಲದೆ ಯಾವ ಕುಸ್ತಿಗೂ ಸೇರಬಾರದು. ನೀರಿನ ಅಭಾವದ ದಿನಗಳಲ್ಲಿ ಭಾರವಾದ ಗೀಯನ್ನು ಪ್ರತಿಸಲ ಒಗೆಯುವುದು ಕಷ್ಟವೇ. ಒಗೆಯಲಾಗದ ದಿನ ತೆಳು ಅಂಗಿಯ ಅಭ್ಯಾಸವೇ ಮೇಲು. ಒಗೆದದ್ದನ್ನು ಒಣಗಿಸಲು ಮಾತ್ರ ನಮ್ಮ ಬಿಸಿಲಿಗಿಂತ ಉತ್ತಮ ಸಾಧನವಿಲ್ಲ.

ಕೊರಳಿನ ವಿಷಯ

ಗೀ ಕ್ರಮದಲ್ಲಿ ಕಾಲರಿನಿಂದ, ನೋ-ಗೀ ಕ್ರಮದಲ್ಲಿ ತೋಳಿನಿಂದ ಕೊರಳನ್ನು ಒತ್ತುತ್ತಾರೆ. ಎರಡರಲ್ಲೂ ಮಿದುಳಿಗೆ ಹೋಗುವ ರಕ್ತ ತಡೆಯುತ್ತದೆ. ಹತ್ತು ಸೆಕೆಂಡುಗಳ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪಬಹುದು. ಆದುದರಿಂದ ಬೇಗನೆ ತಟ್ಟುವುದು ಹೇಡಿತನವಲ್ಲ, ವಿವೇಕ.

ಕೊರಳಲ್ಲಿ ಸರ, ತಾಯಿತ, ದಾರ ಯಾವುದೂ ಇರಬಾರದೆಂಬುದು ಎಲ್ಲ ಅಭ್ಯಾಸಶಾಲೆಗಳ ನಿಯಮ. ಇಷ್ಟಲಿಂಗಧಾರಿಗಳಾದ ನಮ್ಮ ಮಕ್ಕಳಿಗೆ ಇಲ್ಲಿ ಸಂಕೋಚ ಉಂಟಾಗುವುದು ಸಹಜ. ಶಿವದಾರ ಹೆಣಗಾಟದಲ್ಲಿ ಎಳೆಯಲ್ಪಟ್ಟರೆ ಕೊರಳನ್ನು ಬಿಗಿಯುತ್ತದೆ. ಕರಡಿಗೆ ಇಬ್ಬರ ಎದೆಯ ನಡುವೆ ಸಿಕ್ಕಿದರೆ ಪಕ್ಕೆಲುಬಿಗೆ ಪೆಟ್ಟು. ಅಭ್ಯಾಸದ ಹೊತ್ತಿನಲ್ಲಿ ಇಷ್ಟಲಿಂಗವನ್ನು ಹೇಗೆ ಇರಿಸಿಕೊಳ್ಳಬೇಕೆಂಬುದನ್ನು ಸೇರುವ ಮೊದಲೇ ದೀಕ್ಷಾಗುರುಗಳಲ್ಲಿ ವಿನಂತಿಸಿ ತಿಳಿದುಕೊಳ್ಳುವುದು ಲೇಸು. ಗುಟ್ಟಾಗಿ ಅಂಗಿಯೊಳಗೆ ಧರಿಸಿ ಇಳಿಯುವುದು ಮಾತ್ರ ಬೇಡ. ಗೀ ದಪ್ಪವಾದುದರಿಂದ ದಾರ ಕಾಣುವುದಿಲ್ಲ. ಅಪಾಯ ಇನ್ನೂ ಹೆಚ್ಚು.

ಆಯ್ಕೆ ಹೇಗೆ?

ಹೊಸಬರು, ನಡುವಯಸ್ಸಿನವರು ತಂಪು ಹೊತ್ತಿನಲ್ಲಿ ಗೀಯಿಂದ ಆರಂಭಿಸಿದರೆ ನಿಧಾನವಾಗಿ, ಕ್ರಮವಾಗಿ ಕಲಿಯಬಹುದು. ಬೆರಳಿನ ತೊಂದರೆ ಇರುವವರಿಗೆ, ಬೇಸಗೆಯ ದಿನಗಳಿಗೆ, ದುಬಾರಿ ಉಡುಪು ಕೊಳ್ಳಲಾರದವರಿಗೆ ನೋ-ಗೀ ಅನುಕೂಲ. ಆದರೆ ಮಂಡಿ ಮತ್ತು ಚರ್ಮಗಳ ಮೇಲೆ ನಿಗಾ ಇರಲಿ. ಶರೀರ ಗಟ್ಟಿಯಾದ ಮೇಲೆ ಎರಡನ್ನೂ ಅದಲು ಬದಲಾಗಿ ಮಾಡಿದರೆ ಹೊರೆ ಒಂದೇ ಕಡೆ ಬೀಳುವುದಿಲ್ಲ.

ಮಕ್ಕಳನ್ನು ಸೇರಿಸುವ ತಂದೆತಾಯಿಯರು ಉಡುಪಿನ ಬಣ್ಣ, ಪಟ್ಟಿಯ ದರ್ಜೆಗಳನ್ನು ವಿಚಾರಿಸುವ ಮೊದಲು ಮೂರು ಸಂಗತಿಗಳನ್ನು ಕಣ್ಣಾರೆ ನೋಡಬೇಕು. ಮ್ಯಾಟನ್ನು ದಿನವೂ ಒರೆಸುತ್ತಾರೆಯೇ? ಚರ್ಮರೋಗ ಇರುವವರನ್ನು ಮನೆಗೆ ಕಳಿಸುತ್ತಾರೆಯೇ? ತಟ್ಟಿದೊಡನೆ ಹಿಡಿತ ಬಿಡುತ್ತಾರೆಯೇ? ಈ ಮೂರೂ ಇರುವಲ್ಲಿ ಅಂಗಿ ಇದ್ದರೂ ಒಳಿತು, ಇಲ್ಲದಿದ್ದರೂ ಒಳಿತು. ಇವು ಇಲ್ಲದ ಕಡೆ ಯಾವ ಉಡುಪೂ ದೇಹವನ್ನು ಕಾಯಲಾರದು.