ಕೆಜಿಎಫ್‌ನಲ್ಲಿ ನಡೆದು ನೋಡಲು ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಊರು ಮುಚ್ಚಿಲ್ಲ. ಫೋನಿನಲ್ಲಿ ನಕ್ಷೆ ಹಿಡಿದು, ಒಬ್ಬೊಬ್ಬರೇ ಇಬ್ಬಿಬ್ಬರೇ ನಡೆದು ನೋಡಲು ಬರುವವರು ಈಗ ಇದ್ದಾರೆ. ಬನ್ನಿ, ನೋಡಲೇಬೇಕಾದ ಊರು ಇದು. ಆದರೆ ಜೊತೆಗೆ ನಡೆದು ತೋರಿಸುವವರು ಇಲ್ಲದಾಗ ಎಚ್ಚರಿಕೆ ನಿಮ್ಮದೇ. ಕಾಲ ಕೆಳಗೆ ನೂರಿಪ್ಪತ್ತು ವರ್ಷ ಕೊರೆದ ಟೊಳ್ಳಿದೆ, ಕಣ್ಣ ಮುಂದೆ ಬದುಕುತ್ತಿರುವ ಜನರಿದ್ದಾರೆ. ಇದನ್ನು ಓದಿಕೊಂಡೇ ಹೊರಡಿ.

ಮಾಡಬೇಕಾದ್ದು

ರೈಲಿನಲ್ಲಿ ಬನ್ನಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ಹಳಿಯನ್ನು ಗಣಿಗಾಗಿಯೇ 1894ರಲ್ಲಿ ಹಾಕಿದ್ದು. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಬಂದ ಹಾಗೆ ಗಣಿಗಳ ಹೆಸರನ್ನೇ ಓದುತ್ತೀರಿ. ಚಿನ್ನದ ಪದರ ಉತ್ತರದಿಂದ ದಕ್ಷಿಣಕ್ಕೆ ಹಾಸಿಕೊಂಡಿದೆ, ಹಳಿಯೂ ಹೆಚ್ಚುಕಡಿಮೆ ಅದರ ಗುಂಟವೇ ಸಾಗುತ್ತದೆ. ಕಾರಿನಲ್ಲಿ ಬಂದವರಿಗೆ ಈ ಅಂದಾಜು ಸಿಗುವುದಿಲ್ಲ.

ಬೆಳಿಗ್ಗೆ ಬೇಗ ನಡಿಗೆ ಶುರುಮಾಡಿ. ನೀರು, ಟೋಪಿ, ಮುಚ್ಚಿದ ಬೂಟು, ಒಳ್ಳೆಯ ಮಾಸ್ಕ್ ಕಡ್ಡಾಯ. ಡಾಂಬರು ರಸ್ತೆ ಬಿಟ್ಟು ಇಳಿಯದಿದ್ದರೆ ನೋಡುವುದಕ್ಕೇನೂ ಕಡಿಮೆಯಾಗುವುದಿಲ್ಲ.

ಬಂಗಲೆ ನೋಡಿದ ದಿನವೇ ಲೈನುಗಳ ಬೀದಿಯಲ್ಲೂ ನಡೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಇಲ್ಲಿ ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ಹೂದೋಟದ ಬಂಗಲೆಗಳು ಎದ್ದವು. 'ಲಿಟಲ್ ಇಂಗ್ಲೆಂಡ್' ಎಂದು ಕೊಂಡಾಡುವುದು ಆ ಭಾಗವನ್ನೇ. ಕಲ್ಲು ಒಡೆದವರು, ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದ ದಲಿತ ಕುಟುಂಬಗಳು, ಇದ್ದದ್ದು ಒಂದಕ್ಕೊಂದು ಗೋಡೆ ತಾಗಿದ ಲೈನ್ ಮನೆಗಳಲ್ಲಿ. ಬಂಗಲೆಯ ಫೋಟೊ ತೆಗೆದುಕೊಂಡು ಅಲ್ಲಿಂದಲೇ ಹಿಂದಿರುಗಿದವರು ಕೆಜಿಎಫ್ ನೋಡಿದೆ ಎನ್ನುವ ಹಾಗಿಲ್ಲ.

ವಿದ್ಯುತ್ ಕಂಬಗಳನ್ನೂ ಗಮನಿಸಿ. ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ವಿದ್ಯುತ್ ಉತ್ಪಾದನೆ ಶುರುವಾದಾಗ ಅದು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಅದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ರಾಜಧಾನಿಗಿಂತ ಮೊದಲು ಕರೆಂಟು ಕಂಡ ಊರು ಎಂದು ಇಲ್ಲಿನವರು ಹೆಮ್ಮೆಪಟ್ಟರೆ ತಪ್ಪೇನಿಲ್ಲ. ಆದರೆ ಆ ಕರೆಂಟನ್ನು ತರಿಸಿದ್ದು ಗಣಿಯ ಯಂತ್ರಗಳಿಗಾಗಿ.

ಗಣಿಗೆ ಇಳಿಯುವ ಬಾವಿಗಳ, ಅಂದರೆ ಶಾಫ್ಟುಗಳ, ಮೇಲಿನ ಕಬ್ಬಿಣದ ಗೋಪುರಗಳನ್ನು ರಸ್ತೆಯಿಂದಲೇ ನೋಡಿ, ನಿಂತು ನೋಡಿ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಇದೇ ಚಾಂಪಿಯನ್ ರೀಫ್ಸ್‌ನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನ ಸಹೋದ್ಯೋಗಿಗಳ ಜೊತೆ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳನ್ನು ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅವು ಸಿಕ್ಕವು. ಹೊರಗಿನ ಬೇರೆ ಕಣಗಳನ್ನೆಲ್ಲ ತಡೆದು ನಿಲ್ಲಿಸಲು ಅಷ್ಟು ದಪ್ಪದ ಬಂಡೆಯೇ ಬೇಕಿತ್ತು.

ಹಿರಿಯರು ಮಾತಿಗೆ ಸಿಕ್ಕರೆ ಕೂತು ಕೇಳಿ. ತಾತಾ, ಅಮ್ಮಾ, ಅಣ್ಣಾ ಎಂದೇ ಕರೆಯಿರಿ. ಉತ್ತರ ತಮಿಳಿನಲ್ಲಿ ಬರಬಹುದು, ತೆಲುಗಿನಲ್ಲಿ ಬರಬಹುದು, ಮೂರೂ ಬೆರೆತ ಕನ್ನಡದಲ್ಲೂ ಬರಬಹುದು. ಭಾಷೆಯ ತಕರಾರು ಎತ್ತಬೇಡಿ. ಒಂದು ಬೇಸಿಗೆಯಲ್ಲಿ ಲೈನಿನ ಜಗಲಿಯ ಮೇಲೆ ಕೂತಿದ್ದ ತಾತನೊಬ್ಬರನ್ನು, ಒಳಗೆ ಭಯ ಆಗುತ್ತಿರಲಿಲ್ಲವೇ ಎಂದು ಕೇಳಿದ್ದೆ. ಅವರು ಊರುಗೋಲು ಎತ್ತಿ ನೆಲದ ಕಲ್ಲುಚಪ್ಪಡಿಗೆ ಕುಟ್ಟಿದರು. "ಕೆಲಸಕ್ಕೆ ಮುಂಚೆ ಹೀಗೇ ಮೇಲಿನ ಬಂಡೆಗೆ ಕುಟ್ಟಬೇಕು. ಖಣ್ ಅಂದರೆ ಗಟ್ಟಿ. ಬೊದ್ ಅಂದರೆ ಅದು ಬೀಳೋ ಕಲ್ಲು, ಹಿಂದಕ್ಕೆ ಬಾ." ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ನಿಲ್ಲಿಸಿ ಉಸಿರು ಎಳೆದುಕೊಂಡರು. ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಅದು. ನೀವು ಮಾತಾಡಿಸುವವರಲ್ಲಿ ಕೆಮ್ಮು ಕಂಡರೆ ಅವಸರ ಮಾಡಬೇಡಿ, ಸುಮ್ಮನೆ ಕಾಯಿರಿ.

ಊಟ, ಕಾಫಿ, ಖರೀದಿ ಎಲ್ಲ ಇಲ್ಲಿಯೇ ಮಾಡಿ. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಎಲ್ಲವೂ ಸಿಗುತ್ತದೆ. ಬೆಂಗಳೂರಿನಿಂದ ಡಬ್ಬಿ ಕಟ್ಟಿಕೊಂಡು ಬಂದು, ಇಲ್ಲಿ ಕಸ ಬಿಟ್ಟು ಹೋಗುವ ನಡಿಗೆ ನಮಗೆ ಬೇಡ.

ಮಾಡಬಾರದ್ದು

ಸೈನೈಡ್ ದಿಬ್ಬ ಹತ್ತಕೂಡದು. ಹತ್ತಿ ಜಾರಕೂಡದು, ಅದರ ಮೇಲೆ ಗಾಡಿ ಓಡಿಸಕೂಡದು, ಮಕ್ಕಳನ್ನು ಅದರ ಬುಡಕ್ಕೂ ಬಿಡಕೂಡದು. ದೂರದಿಂದ ಮರಳುಗಾಡಿನ ಗುಡ್ಡಗಳ ಹಾಗೆ ಚೆಂದ ಕಾಣುತ್ತವೆ, ಅದೇ ತೊಂದರೆ. ಅದಿರನ್ನು ಕುಟ್ಟಿ ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದ ಕೆಸರನ್ನು ದಶಕಗಳ ಕಾಲ ಸುರಿದ ರಾಶಿಗಳು ಅವು. ಹದಿಮೂರು ದಿಬ್ಬಗಳು ಸಾವಿರ ಎಕರೆಗೂ ಹೆಚ್ಚು ಜಾಗ ಹಿಡಿದಿವೆ. ಆ ಪುಡಿ ಬೆರಳ ಸಂದಿಯಲ್ಲಿ ನಿಲ್ಲದಷ್ಟು ನುಣುಪು, ಅದರ ತುಂಬ ಸಿಲಿಕಾ. ನಿಮ್ಮ ಒಂದು ರೀಲ್‌ಗಾಗಿ ಒಡೆದ ಮೇಲ್ಪದರ ಮುಂದಿನ ಗಾಳಿಗೆ ಎದ್ದು ಹೋಗಿ ಬೀಳುವುದು ಯಾರದೋ ಅಡುಗೆ ಪಾತ್ರೆಗೆ, ತೊಟ್ಟಿಲಿಗೆ. ಮಳೆಗಾಲದಲ್ಲಿ ದಿಬ್ಬದ ಬುಡದಲ್ಲಿ ನಿಲ್ಲುವ ನೀರನ್ನು ಮುಟ್ಟಲೂಬೇಡಿ.

ಬೇಲಿ ದಾಟಬೇಡಿ. ಬೇಲಿ ಮುರಿದಿದೆ ಎಂಬುದು ಅನುಮತಿ ಅಲ್ಲ. ಗಣಿ ಪ್ರದೇಶ ಭಾರತ್ ಗೋಲ್ಡ್ ಮೈನ್ಸ್‌ಗೆ ಸೇರಿದ್ದು. ಲಿಖಿತ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಶಾಫ್ಟಿನ ಬಾಯಿಯ ಸುತ್ತಲಿನ ನೆಲವನ್ನು ನಂಬುವ ಹಾಗಿಲ್ಲ. ಭಾರ ಹೊತ್ತ ಬಂಡೆ ಒಳಗೇ ಸಿಡಿಯುವ ರಾಕ್ ಬರ್ಸ್ಟ್‌ಗೆ ಈ ಗಣಿ ಹೆಸರುವಾಸಿ. ಗಣಿ ಮುಚ್ಚಿದ ಮೇಲೂ ಇಲ್ಲಿ ನೆಲ ನಡುಗಿದ್ದುಂಟು. 2020ರಲ್ಲಿ ಮಾರಿಕುಪ್ಪಂ ಬಳಿ ಮುಚ್ಚಿದ ಗಣಿಗೆ ಇಳಿದವರ ಪೈಕಿ ಮೂವರು ಜೀವಂತ ಮೇಲೆ ಬರಲಿಲ್ಲ.

ಕಲ್ಲು ಆರಿಸಿಕೊಳ್ಳಬೇಡಿ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಈ ನೆಲ ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟಿದೆ, ನಿಜ. ಕೊನೆಕೊನೆಗೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದದ್ದು ಮೂರ್ನಾಲ್ಕು ಗ್ರಾಂ. ನಿಮ್ಮ ಜೇಬಿನ ಕಲ್ಲಿನಲ್ಲಿ ಮಿನುಗುವುದು ಚಿನ್ನವಲ್ಲ.

ಲೈನ್ ಮನೆಗಳ ಬಾಗಿಲಿಗೆ ಕ್ಯಾಮೆರಾ ಹಿಡಿಯಬೇಡಿ. ಆ ಬೀದಿಗಳಲ್ಲಿ ಮನೆಯ ಅರ್ಧ ಬದುಕು ಹೊರಗೇ ನಡೆಯುತ್ತದೆ. ನಲ್ಲಿಯ ಹತ್ತಿರ ಕೊಡಗಳ ಸಾಲು, ಹಗ್ಗದ ಮೇಲೆ ಒಗೆದ ಬಟ್ಟೆ, ಮಗುವಿಗೆ ಸ್ನಾನ. ಅದು ಅವರ ಹಿತ್ತಿಲು ಎಂದೇ ತಿಳಿಯಿರಿ. ಕೇಳಿ, ಒಪ್ಪಿದರೆ ಮಾತ್ರ ತೆಗೆಯಿರಿ. ಬೇಡ ಎಂದರೆ ಎರಡನೆಯ ಸಲ ಕೇಳಬೇಡಿ.

ಸಿನಿಮಾದ ಕೆಜಿಎಫ್ ಹುಡುಕಬೇಡಿ. 2018ರಲ್ಲಿ ತೆರೆಗೆ ಬಂದದ್ದು ಕಟ್ಟುಕತೆ. ಮುಖಕ್ಕೆ ಮಸಿ ಹಚ್ಚಿಕೊಂಡು, ಸುತ್ತಿಗೆ ಹಿಡಿದು ಲೈನುಗಳ ಮುಂದೆ ಪೋಸು ಕೊಡುವವರನ್ನು ಕಂಡಿದ್ದೇನೆ. ಅದೇ ಕೆಲಸದಲ್ಲಿ ಅಪ್ಪನನ್ನು ಕಳೆದುಕೊಂಡವರ ಕಣ್ಣೆದುರು ಹಾಗೆ ಮಾಡುವುದು ಅಪಮಾನ.

"ನೀವೂ ಒಂದಿಷ್ಟು ಚಿನ್ನ ಬಚ್ಚಿಟ್ಟಿರಬೇಕಲ್ಲ?" ಈ ಪ್ರಶ್ನೆಯನ್ನು ನಗುತ್ತಲೂ ಕೇಳಕೂಡದು. ಈ ಊರಿನ ಕಾರ್ಮಿಕರನ್ನು ಕಂಪನಿ ಕಳ್ಳರ ಹಾಗೆ ಕಂಡಿತು, ಮೈತಡವಿ ಹೊರಗೆ ಬಿಟ್ಟಿತು. ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಎಂದಾಗ 1930ರಲ್ಲಿ ಅವರು ಸಾವಿರಾರು ಮಂದಿ ಕೆಲಸ ಬಿಟ್ಟು ಮುಷ್ಕರ ಹೂಡಿದರು. ಆ ನೋವನ್ನು ನೀವು ಮತ್ತೆ ಕೆದಕಬೇಡಿ.

ಸಂಜೆಯ ರೈಲಿಗೆ ನುಗ್ಗಬೇಡಿ. ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನ ಕತ್ತಲಿರುವಾಗಲೇ ಎದ್ದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಗಾಡಿ ಬಂದಾಗ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಊಟದ ಚೀಲ ಹೆಗಲಿಗೆ ಹಾಕಿಕೊಂಡವರು ಒಬ್ಬೊಬ್ಬರಾಗಿ ಇಳಿಯುವವರೆಗೂ ಕಾಯಿರಿ. ಆಮೇಲೆ ಹತ್ತಿ. ಮನೆ ತಲುಪಿದ ಮೇಲೆ ಇಲ್ಲಿನ ಧೂಳು ಹಿಡಿದ ಬೂಟನ್ನು ಒಳಗೆ ತರಬೇಡಿ. ಒಣಗಿದ್ದಾಗ ಒದರಲೂ ಬೇಡಿ. ಬಾಗಿಲ ಹೊರಗೇ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.